ಸವಳು ಹೊಲದಲ್ಲಿ ಹತ್ತಿಕಟ್ಟಿಗೆಯ ಇದ್ದಿಲು

ಸಿಂಧನೂರು ದಾಟಿ ಕಾಲುವೆಯ ಕೊನೆಭಾಗದ ಕಡೆ ನಡೆದಂತೆ ಭತ್ತದ ಹಸಿರು ತೆಳುವಾಗುತ್ತ ಬಂದು, ಎರೆಮಣ್ಣಿನ ಮೈಮೇಲೆ ಅಲ್ಲಲ್ಲಿ ಬಿಳಿ ಪುಡಿ ಕಾಣತೊಡಗುತ್ತದೆ. ಬಿಸಿಲೇರುವ ಮುನ್ನ ಕಾಲಿಟ್ಟರೆ ಚರಚರ ಎನ್ನುತ್ತದೆ. ಬೆರಳಿಗೆ ಹತ್ತಿದ್ದನ್ನು ನಾಲಿಗೆಗೆ ಮುಟ್ಟಿಸಿದರೆ ಉಪ್ಪುಪ್ಪು, ಹಿಂದೆಯೇ ಒಗರು. ಹಳ್ಳದ ದಡದಲ್ಲಿ ಡೀಸೆಲ್ ಎಂಜಿನ್ ಗುಡುಗುಡಿಸುತ್ತಿದೆ. ಕಾಲುವೆ ನೀರು ಇಲ್ಲಿಯವರೆಗೆ ಬಾರದ ದಿನ ಮೇಲಿನ ಗದ್ದೆಗಳಿಂದ ಬಸಿದು ಬಂದ ಈ ನೀರೇ ಗತಿ. ಲೀಟರಿಗೆ ಒಂದೂಕಾಲು ಗ್ರಾಂ ಉಪ್ಪಿದ್ದರೂ ಎಕರೆಗೆ ಒಂದು ಅಂಗುಲ ನಿಲ್ಲಿಸಿದಾಗ, ಸುಮಾರು 1 ಲಕ್ಷ ಲೀಟರ್ ನೀರಿನ ಜೊತೆ 125 ಕಿಲೋ ಉಪ್ಪೂ ಹೊಲ ಸೇರುತ್ತದೆ. ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ.

ಈ ಸವಳು ಹೊಲಕ್ಕೆ ಹಾಕುವ ಇದ್ದಿಲಿಗಾಗಿ ಬದುವಿನ ಪಕ್ಕದ ಗುಂಡಿಯಲ್ಲಿ ಹತ್ತಿಕಟ್ಟಿಗೆ ಉರಿಯುತ್ತಿದೆ. ಮೇಲಿನಿಂದ ಹಚ್ಚಿದ ಬೆಂಕಿಯ ಮೇಲೆ ಹೊರೆ ಹೊರೆಯಾಗಿ ಒಡ್ಡುತ್ತಿದ್ದಾರೆ. ಜ್ವಾಲೆಯೇ ಮುಚ್ಚಳವಾಗಿ, ಅಡಿಯ ಕಟ್ಟಿಗೆ ಗಾಳಿ ಸಿಗದೆ ಬೂದಿಯಾಗುವ ಬದಲು ಇದ್ದಿಲಾಗುತ್ತದೆ. ಅಂಚಿನಲ್ಲಿ ಬಿಳಿ ಬೂದಿ ಇಣುಕಿದ್ದೇ ತಡ, ಹೊಲದ ಹಿರಿಯರು ಕೂಗುತ್ತಾರೆ: “ತಮ್ಮಾ, ಹಳ್ಳದ ನೀರು ಬ್ಯಾಡ, ಟ್ಯಾಂಕರಿಂದು ಹಾಕು!” ಆರಿಸುವ ನೀರಿನ ಉಪ್ಪೂ ಇದ್ದಿಲಿನೊಳಗೆ ಕೂರಬಾರದಲ್ಲ. ಸುಂಯ್ ಎಂದು ಎದ್ದ ಹಬೆಯಲ್ಲಿ ಕಮಟು ವಾಸನೆ. ಕೈಗೆತ್ತಿಕೊಂಡ ತುಂಡು ಹಗುರ, ಮುರಿದರೆ ಒಳಗೆಲ್ಲ ಸಣ್ಣ ತೂತು.

ಆ ತೂತುಗಳೇ ಇದರ ಬಲ. ನೀರಿನ ಸೋಡಿಯಂ ಎರೆಯ ಜೇಡಿಕಣಗಳಿಗೆ ಅಂಟಿ, ಅವು ಚದುರಿ, ಮಣ್ಣಿನ ಉಸಿರುದಾರಿ ಕಟ್ಟುತ್ತದೆ. ಇದ್ದಿಲು ಒಂದಿಷ್ಟು ಸೋಡಿಯಂ ಹಿಡಿದುಕೊಳ್ಳುತ್ತದೆ. ತನ್ನ ಬೂದಿಯ ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂ ಬಿಟ್ಟುಕೊಟ್ಟು ಜೇಡಿಯ ಮೇಲಿದ್ದ ಸೋಡಿಯಂನಿಂದಲೂ ಜಾಗ ಖಾಲಿ ಮಾಡಿಸುತ್ತದೆ. ನೀರು ಕೆಳಗಿಳಿಯಲು ಸಂದು ಕೊಡುತ್ತದೆ. ಹಾಗೆಂದು ಸುರಿದಷ್ಟೂ ಒಳ್ಳೆಯದು ಎಂದು ನಂಬುವಂತಿಲ್ಲ. ಬೂದಿಯೂ ಕ್ಷಾರವೇ, ಅದರಲ್ಲೂ ಕರಗುವ ಲವಣವಿದೆ. ಎರೆಮಣ್ಣಿನ ಪಿಎಚ್ ಮೊದಲೇ 8 ದಾಟಿರುವ ಕಡೆ ಕೈ ಹಿಡಿದು ಹಾಕಬೇಕು, ಮಣ್ಣು ಪರೀಕ್ಷೆ ಮಾಡಿಸಿಯೇ ಹಾಕಬೇಕು. ಮಣ್ಣಿನ ಸಾರದ ವಿದ್ಯುತ್ ವಾಹಕತೆ ಮೀಟರಿಗೆ 4 ಡೆಸಿಸೀಮನ್ಸ್ ಮೀರಿದರೆ ಅದು ಲವಣ ಮಣ್ಣು. ಸೋಡಿಯಂ ಹೆಚ್ಚಿದ್ದರೆ ಜಿಪ್ಸಂ ಜೊತೆಗಿರಲೇಬೇಕು.

1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಹರಿದಾಗ ಈ ಕಡೆಗೆ ಯೋಚಿಸಿದ್ದು ಬಹುಪಾಲು ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗಳನ್ನು. ಭತ್ತ ಹಬ್ಬಿತು, ಅಂತರ್ಜಲ ಏರಿತು, ಸವಳು ಮೇಲೆದ್ದಿತು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಇಂಥ ನೆಲದ ಮೇಲೆಯೇ ಕೆಲಸ ಮಾಡುತ್ತ ಬಂದಿದೆ. ನೆಲದಡಿ ತೂತಿನ ಪೈಪು ಹೂತು ಉಪ್ಪುನೀರು ಬಸಿಯುವುದೂ ಅಲ್ಲಿನ ಪಾಠಗಳಲ್ಲೊಂದು.

ಹಿರಿಯರಿಗೆ ಅದು ಚೆನ್ನಾಗಿ ಗೊತ್ತು. ಇದ್ದಿಲು ಚೆಲ್ಲಿದ ಮಡಿಯ ತುದಿಯಲ್ಲಿ ಹೂಳು ತುಂಬಿದ ಬಸಿಗಾಲುವೆ ತೋರಿಸುತ್ತಾರೆ. “ಇದ್ದಿಲು ಉಪ್ಪು ತಿನ್ನಂಗಿಲ್ರೀ. ಹೊರಗ ಒಯ್ಯೋದು ನೀರ. ಮೊದಲು ಇದನ್ನ ತೋಡಬೇಕು, ಆಮ್ಯಾಲ ಕಾಲುವಿ ನೀರು ಕಟ್ಟಬೇಕು.” ಮಗ ಆಗಲೇ ಸಲಿಕೆ ಹಿಡಿದು ಹೂಳಿಗಿಳಿದಿದ್ದಾನೆ.