ನಳದುರ್ಗದಲ್ಲಿ ಬೀಳುವುದು ಬೆಟ್ಟದ ನೀರಲ್ಲ

"ನಮ್ಮ ಕಡಿ ಎಲ್ಲೀ ಫಾಲ್ಸ್ ರೀ? ನೋಡಬೇಕಂದ್ರ ಮಹಾಬಳೇಶ್ವರಕ್ಕ ಹೋಗಬೇಕು, ಇಲ್ಲಂದ್ರ ಗೋಕಾಕಕ್ಕ." ಮಳೆಗಾಲ ಶುರುವಾದರೆ ಸೋಲಾಪುರದ ಚಹಾದಂಗಡಿಗಳಲ್ಲಿ ಈ ಮಾತು ತಪ್ಪದೆ ಬರುತ್ತದೆ. ಅಂದವರನ್ನು ದೂರುವಂತಿಲ್ಲ. ಮಹಾಬಳೇಶ್ವರದ ಮಳೆ ವರ್ಷಕ್ಕೆ 5000 ಮಿಲಿಮೀಟರ್ ದಾಟುತ್ತದೆ. ಸಹ್ಯಾದ್ರಿಯ ಬೆನ್ನ ಹಿಂದೆ ಕೂತ ನಮಗೆ ಅದರ ಎಂಟನೇ ಒಂದು ಪಾಲು ಬಿದ್ದರೂ ಹಿಗ್ಗು. ಆದರೂ ಮಾತು ತಪ್ಪೇ. ಹೈದರಾಬಾದ್ ಹೆದ್ದಾರಿಯಲ್ಲಿ ಸುಮಾರು 45 ಕಿಲೋಮೀಟರ್ ಹೋದರೆ ನಳದುರ್ಗ. ಅಕ್ಕಲಕೋಟದಿಂದಲೂ ಹೆಚ್ಚುಕಡಿಮೆ ಅಷ್ಟೇ ದಾರಿ. ಅಲ್ಲಿನ ಕೋಟೆಯಲ್ಲಿ ಎರಡು ಧಾರೆಗಳು ಬೀಳುತ್ತವೆ. ಒಂದರ ಹೆಸರು ನರ, ಇನ್ನೊಂದರದು ಮಾದಿ, ಗಂಡು, ಹೆಣ್ಣು.

ನೋಡಿ ಬಂದವರೂ ಅದನ್ನು ಸಹಜ ಜಲಪಾತ ಅಂದುಕೊಂಡೇ ಮರಳುತ್ತಾರೆ. ಫೋಟೋದಲ್ಲಿ ಕಪ್ಪು ಕಲ್ಲು, ಬಿಳಿ ನೊರೆ ಕಂಡರೆ ಯಾರಿಗಾದರೂ ಹಾಗೇ ಅನಿಸಬೇಕು. ಆದರೆ ಬೋರಿ ನದಿ ಅಲ್ಲಿ ಧುಮುಕುವುದು ಬಂಡೆಯಿಂದಲ್ಲ, ಕಟ್ಟೆಯಿಂದ. ಕೋಟೆಗೂ ಅದರ ಎದುರಿನ ರಣಮಂಡಲ ಎಂಬ ಚಿಕ್ಕ ಕೋಟೆಗೂ ನಡುವೆ ಹರಿಯುವ ಹೊಳೆಗೆ ಅಡ್ಡಲಾಗಿ ಈ ಕಲ್ಲಿನ ಕಟ್ಟೆ ಎದ್ದದ್ದು 1613ರಲ್ಲಿ, ವಿಜಯಪುರದ ಎರಡನೇ ಇಬ್ರಾಹಿಂ ಆದಿಲಶಾಹನ ಆಳ್ವಿಕೆಯಲ್ಲಿ. ಇಬ್ರಾಹಿಂ ರೋಜಾದಲ್ಲಿ ಮಲಗಿರುವವನು ಇವನೇ. ಕಟ್ಟೆ ಕಟ್ಟಿದವನ ಹೆಸರು ಮೀರ್ ಮುಹಮ್ಮದ್ ಇಮಾದೀನ್. ನಮ್ಮಲ್ಲಿ ಕೆರೆ ತುಂಬಿ ಕೋಡಿ ಬಿತ್ತು ಅನ್ನುತ್ತೇವಲ್ಲ, ನರ-ಮಾದಿ ಅಂದರೆ ಆ ಕಟ್ಟೆಯ ಎರಡು ಕೋಡಿಗಳು, ಅಷ್ಟೇ.

ಅಷ್ಟೇ ಅಂದುಬಿಟ್ಟೆ, ಆದರೆ ಇಂಥ ಕೋಡಿ ಬೇರೆಲ್ಲೂ ನಾನು ನೋಡಿಲ್ಲ. ಕಟ್ಟೆಯ ಹೊಟ್ಟೆಯೊಳಗೇ ಒಂದು ಮಹಲು ಇದೆ, ಪಾನಿ ಮಹಲ್. ಮೇಲಿನಿಂದ ಇಕ್ಕಟ್ಟಾದ ಮೆಟ್ಟಿಲಿಳಿದು ಕತ್ತಲೆಯೊಳಗೆ ಹೋಗಬೇಕು. ಗೋಡೆಗೆ ಕೈ ಇಟ್ಟರೆ ತಣ್ಣಗೆ. ಆ ಗೋಡೆಯ ಆಚೆ ಇಡೀ ಹೊಳೆ ನಿಂತಿದೆ ಎಂಬುದು ನೆನಪಾದಾಗ ಕೈ ತಾನಾಗಿ ಹಿಂದಕ್ಕೆ ಬರುತ್ತದೆ. ಮುಂದೆ ಕಮಾನಿನ ಕಿಟಕಿ, ಅದರಾಚೆ ಬೀಳುವ ನೀರು, ಪಕ್ಕದವರ ಮಾತು ಕೇಳಿಸದಷ್ಟು ಸದ್ದು. ಒಳಗಿದ್ದವರಿಗೆ ಒಂದು ಹನಿಯೂ ತಾಗುವುದಿಲ್ಲ ಎಂಬ ಮಾತು ಎಲ್ಲರ ಬಾಯಲ್ಲಿದೆ. ಹೊಳೆ ಒಳಗೆ ನುಗ್ಗುವುದಿಲ್ಲ, ನಿಜ. ಹನಿಯ ಮಾತು ಮಾತ್ರ ಕಿಟಕಿಯ ಹತ್ತಿರ ನಿಂತು ಕನ್ನಡಕ ಒರೆಸಿಕೊಂಡ ನನಗೆ ಹೇಳಬೇಡಿ.

ನಳ ಮಹಾರಾಜ ಕಟ್ಟಿದ ಕೋಟೆ, ಆ ಎರಡು ಧಾರೆ ನಳ-ದಮಯಂತಿಯರು ಎಂದು ಹೇಳುವವರೂ ಇದ್ದಾರೆ. ಕತೆ ಚೆಂದ. ಆದರೆ ಇಂದು ಕಣ್ಣಿಗೆ ಕಾಣುವ ಕೋಟೆ ಬಹಮನಿ, ಆದಿಲಶಾಹಿ ಕಾಲದ ಕೆಲಸ.

ದುಬಾರಿಯಾದ ತಪ್ಪು ಮಾತ್ರ ಇನ್ನೊಂದು: ಸೋಲಾಪುರದಲ್ಲಿ ಮಳೆ ಹೊಡೆದರೆ ನರ-ಮಾದಿ ಶುರು ಎಂಬುದು. ಒಂದು ವರ್ಷ ಜೂನಿನಲ್ಲಿ ಎರಡು ದಿನ ಜಡಿದು ಸುರಿಯಿತು. ಬುತ್ತಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೋದೆವು. ಕಟ್ಟೆ ಒಣಗಿತ್ತು. ಕಡಕ್ ರೊಟ್ಟಿ, ಶೇಂಗಾ ಚಟ್ನಿ ತಿಂದು, ನಮ್ಮವ್ವನ ಬೈಗುಳ ಕೇಳಿಕೊಂಡು ವಾಪಸ್ ಬಂದೆವು. ಆಮೇಲೆ ತಿಳಿಯಿತು: ಹೊಳೆಯ ಮೇಲ್ಭಾಗದಲ್ಲಿ ಈಗ ಬೋರಿ ಅಣೆಕಟ್ಟಿದೆ. ಅದು ತುಂಬಿ ಹೊರಚೆಲ್ಲಿದ ಮೇಲೆಯೇ ಕೋಟೆಯ ಕಟ್ಟೆಗೆ ನೀರು. ನಮ್ಮಲ್ಲಿ ದೊಡ್ಡ ಮಳೆಯ ತಿಂಗಳು ಸೆಪ್ಟೆಂಬರ್. ಸಹ್ಯಾದ್ರಿಯ ಜಲಪಾತಗಳು ಇಳಿಮುಖವಾಗುವಾಗ ಇಲ್ಲಿಯದು ಏಳುತ್ತದೆ. ಮಳೆ ಕೈಕೊಟ್ಟ ವರ್ಷ ಏಳುವುದೇ ಇಲ್ಲ. ಹೊರಡುವ ಮುನ್ನ ಆಕಾಶ ನೋಡಬೇಡಿ, ಅಣೆಕಟ್ಟು ತುಂಬಿತೇ ಎಂದು ಕೇಳಿ.

ಜಲಪಾತ ಅಂದರೆ ಬೆಟ್ಟ ಹತ್ತಬೇಕು ಅನ್ನುವುದೂ ಈ ಸೀಮೆಗೆ ಹೊಂದುವುದಿಲ್ಲ. ಬಾಲಾಘಾಟದ ಕಡೆ ಬಯಲಲ್ಲಿ ನಡೆಯುತ್ತಿರುತ್ತೀರಿ, ಜೋಳದ ಹೊಲ, ಜಾಲಿಗಿಡ. ಇದ್ದಕ್ಕಿದ್ದಂತೆ ಕಾಲ ಕೆಳಗೆ ಕಣಿವೆ ತೆರೆದುಕೊಳ್ಳುತ್ತದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿದ ಲಾವಾ ಇಲ್ಲಿ ಪದರದ ಮೇಲೆ ಪದರವಾಗಿ, ರೊಟ್ಟಿ ಅಟ್ಟಿ ಇಟ್ಟ ಹಾಗೆ ಕೂತಿದೆ. ಗಟ್ಟಿ ಪದರ ಉಳಿಯುತ್ತದೆ, ಅದರಡಿಯ ಮೆತ್ತನೆಯದು ಸವೆಯುತ್ತದೆ, ಅಂಚಿನಿಂದ ಹಳ್ಳ ಕೆಳಗೆ ಬೀಳುತ್ತದೆ. ಯೆಡಶಿಯ ಹತ್ತಿರ ಜಟಾಯುವಿನ ಐತಿಹ್ಯದ ರಾಮಲಿಂಗಕ್ಕೂ ಇಳಿದೇ ಹೋಗಬೇಕು. ಬೀಡ ಜಿಲ್ಲೆಯ ಕಪಿಲಧಾರಕ್ಕೂ ಹಾಗೆಯೇ. ಅಲ್ಲಿ ಮನ್ಮಥ ಸ್ವಾಮಿಗಳ ಸಮಾಧಿಯ ಪಕ್ಕದಲ್ಲೇ ನೀರು ಬೀಳುತ್ತದೆ, ಕಾರ್ತಿಕ ಹುಣ್ಣಿಮೆಗೆ ಲಿಂಗಾಯತರು ದಿಂಡಿಯಲ್ಲಿ ನಡೆದು ಬರುತ್ತಾರೆ. ಟ್ರೆಕ್ಕಿಂಗ್ ಎಂಬ ಪದ ಅವರಿಗೆ ಬೇಕಾಗಿಲ್ಲ. ಹೋಗುವಾಗ ಹಗುರ ಎಂದು ನೀರಿನ ಬಾಟಲಿ ಬಿಟ್ಟು ಇಳಿಯಬೇಡಿ; ಏರು ಇರುವುದು ಮರಳುವಾಗ.

ಧಾರೆಯ ಕೆಳಗಿನ ಮಡುವು ಆಳವಿಲ್ಲ, ಹುಡುಗರು ಆಡಲಿ ಬಿಡಿ ಅನ್ನುವವರೂ ಸಿಗುತ್ತಾರೆ. ಬಿದ್ದ ನೀರು ತಳ ಕೊರೆಯುತ್ತಲೇ ಇರುತ್ತದೆ, ಕೆಂಪು ನೀರಿನಲ್ಲಿ ಆಳ ಕಾಣುವುದಿಲ್ಲ, ಪಾಚಿಗಟ್ಟಿದ ಕರಿಗಲ್ಲಿನ ಮೇಲೆ ಚಪ್ಪಲಿ ನಿಲ್ಲುವುದಿಲ್ಲ.

ಕೊನೆಗೊಂದು, ಕಟ್ಟೆಯ ಮೇಲೆ ನಿಂತ ರೈತರೊಬ್ಬರು ಅಂದದ್ದು: "ಎಷ್ಟ್ ನೀರು ಸುಮ್ಮನ ಹಾಳಾಗಿ ಹೊಂಟೈತಿ ನೋಡ್ರಿ." ಬರ ಕಂಡವರ ಸಂಕಟ ಅದು. ಆದರೆ ಹಾಳಾಗುವುದಿಲ್ಲ. ಬೋರಿ ಇಲ್ಲಿಂದ ಅಕ್ಕಲಕೋಟ ತಾಲ್ಲೂಕಿಗೆ ಇಳಿದು ಕುರನೂರ ಅಣೆಕಟ್ಟೆಯಲ್ಲಿ ನಿಂತು, ಆಮೇಲೆ ಭೀಮೆಯನ್ನು ಸೇರುತ್ತದೆ. ಅಕ್ಕಲಕೋಟದ ನಳಕ್ಕೆ ನೀರು ಬರುವುದು ಆ ಕುರನೂರಿನಿಂದ. ನರ-ಮಾದಿ ನೋಡೇ ಇಲ್ಲ ಅನ್ನುವ ಅಲ್ಲಿನ ನಮ್ಮ ಬೀಗರು ಅದನ್ನು ದಿನಾ ಕೊಡದಲ್ಲಿ ತುಂಬಿಟ್ಟುಕೊಳ್ಳುತ್ತಾರೆ.