ರಿಪೇರಿ ಬಿಲ್ಲೂ ವಾರಂಟಿ ಕಾಗದವೂ



ಕಳೆದ ಹಂಗಾಮಿನಲ್ಲಿ ಫಸಲು ಸಾಗಿಸುವ ಹೊತ್ತಿಗೇ ಅಂಕಲಗಿಯಲ್ಲಿ ನಮ್ಮ ಜೀಪು ಕೆಟ್ಟು ನಿಂತಿತು. ಮಾರಾಟಗಾರರ ವರ್ಕ್‌ಷಾಪಿನವರು 18 ಸಾವಿರ ಆದೀತೆಂದು ಬಾಯಲ್ಲಿ ಹೇಳಿದರು. ಹನ್ನೊಂದು ದಿನಗಳ ನಂತರ ಕೈಗೆ ಬಂದ ಬಿಲ್ಲು 43 ಸಾವಿರದ್ದು! ಕೊಳ್ಳುವಾಗಲೇ ಹಣ ತೆತ್ತು ಪಡೆದ ವಿಸ್ತೃತ ವಾರಂಟಿಯನ್ನು ತೋರಿಸಿದರೆ, ಒಮ್ಮೆ ಆಯಿಲನ್ನು ಹೊರಗೆ ಬದಲಿಸಿದ್ದೀರಿ, ಅದು ಅನ್ವಯಿಸದು ಎಂದರು. ಅತ್ತ ಬಾಡಿಗೆ ಟೆಂಪೋದ ಖರ್ಚು ಬೇರೆ. ವಿಧಿಯಿಲ್ಲದೆ ಹಣ ಕಟ್ಟಿದೆವು.

ಊರಿಗೆ ಬಂದು ವಾರಂಟಿ ಪುಸ್ತಕವನ್ನು ಸಾವಧಾನವಾಗಿ ಓದಿದೆವು. ಆಯಿಲಿನ ಷರತ್ತು ಎಂಜಿನ್ನಿಗೆ ಮಾತ್ರ ಸಂಬಂಧಿಸಿತ್ತು. ಕೆಟ್ಟಿದ್ದು ಸ್ಟೀರಿಂಗ್ ಪಂಪು. ಯಾವ ಷರತ್ತಿನಂತೆ ನಿರಾಕರಿಸಿದಿರೆಂದು ರಿಜಿಸ್ಟರ್ ಅಂಚೆಯಲ್ಲಿ ಕೇಳಿದೆವು. ಪಂಪಿನ ಬೆಲೆ 12 ಸಾವಿರ ಮರಳಿ ಬಂತು. 18 ಸಾವಿರದ ಅಂದಾಜು ಮಾತ್ರ ಬಾಯಿಮಾತಾಗಿತ್ತು. ಆ ಭಾಗ ಮುಳುಗಿತು. ಕಾಗದವಿದ್ದಷ್ಟು ಮಾತ್ರ ಹಣ ಬಂತು ಎಂಬುದೇ ನಾವು ಕಲಿತ ಪಾಠ.

ಸಿಟ್ಟು ಬರುವುದು ಸಹಜ. 2024ರ ಸೆಪ್ಟೆಂಬರಿನಲ್ಲಿ ಕಲಬುರಗಿಯಲ್ಲಿ ಯುವಕನೊಬ್ಬ, ಹೊಸ ವಿದ್ಯುತ್ ಸ್ಕೂಟರಿನ ರಿಪೇರಿಗೆ ಅಲೆದು ಬೇಸತ್ತು, ಓಲಾ ಷೋರೂಮಿಗೇ ಬೆಂಕಿಯಿಟ್ಟನು. ಸ್ಕೂಟರುಗಳು ಸುಟ್ಟವು, ಅವನು ಬಂಧನಕ್ಕೊಳಗಾದನು. ಮರು ತಿಂಗಳೇ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಆ ಕಂಪನಿಗೆ ನೋಟೀಸು ಕೊಟ್ಟಿತು. ಅದಕ್ಕೆ ಆಧಾರವಾದದ್ದು ಸಹಾಯವಾಣಿಯಲ್ಲಿ ದಾಖಲಾಗಿದ್ದ 10,000ಕ್ಕೂ ಹೆಚ್ಚು ದೂರುಗಳು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ?

ವಾರಂಟಿಯಿಂದ ಅತಿಯಾಗಿ ನಿರೀಕ್ಷಿಸುವುದೂ ತಪ್ಪು. ಕ್ಲಚ್ ಪ್ಲೇಟು, ಬ್ರೇಕ್ ಪ್ಯಾಡು, ಟೈರಿನಂತಹ ಸವೆಯುವ ಭಾಗಗಳು ಸಾಮಾನ್ಯವಾಗಿ ಅದರೊಳಗೆ ಬರುವುದಿಲ್ಲ. ವಾರಂಟಿಯಲ್ಲಿ ಭಾಗ ಬದಲಿಸುವ ಹೊಣೆ ಮಾತ್ರ ಇದ್ದಾಗ ಇಡೀ ಕಾರನ್ನೇ ಬದಲಿಸಿಕೊಡಿ ಎನ್ನಲಾಗದೆಂದು 2006ರಲ್ಲಿ ಮಾರುತಿ ಉದ್ಯೋಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು. ಮಾರಾಟಗಾರನ ತಪ್ಪಿಗೆಲ್ಲ ತಯಾರಕ ತಾನಾಗಿಯೇ ಹೊಣೆಯಲ್ಲವೆಂದು 2021ರಲ್ಲಿ ಟಾಟಾ ಮೋಟಾರ್ಸ್ ಪ್ರಕರಣದಲ್ಲಿ ತೀರ್ಪಾಯಿತು. ಆದುದರಿಂದ ವಿಸ್ತೃತ ವಾರಂಟಿ ಕೊಟ್ಟವರು ಯಾರು, ಕಂಪನಿಯೋ, ಮಾರಾಟಗಾರನೋ, ವಿಮೆಯವರೋ ಎಂದು ಮೊದಲೇ ನೋಡಿಕೊಳ್ಳಿರಿ.

ಗಾಡಿ ಬಿಡುವಾಗ ದೋಷವನ್ನೂ ಅಂದಾಜನ್ನೂ ಜಾಬ್ ಕಾರ್ಡಿನಲ್ಲಿ ಬರೆಸಿ ಪ್ರತಿ ಪಡೆಯಿರಿ. ಅಂದಾಜು ಮೀರುವುದಾದರೆ ಲಿಖಿತ ಒಪ್ಪಿಗೆ ಬೇಕೆಂದು ಅಲ್ಲೇ ನಮೂದಿಸಿರಿ. ಬದಲಿಸಿದ ಹಳೆಯ ಭಾಗವನ್ನು ಕೇಳಿರಿ. ಬಿಲ್ಲು ಕಟ್ಟದೆ ಗಾಡಿ ಬಿಡೆವೆಂದರೆ ಜಗಳ ಬೇಡ. ಮಾಡಿದ ಕೆಲಸದ ಕೂಲಿಗಾಗಿ ಗಾಡಿಯನ್ನು ಇರಿಸಿಕೊಳ್ಳುವ ಹಕ್ಕು 1872ರ ಕರಾರು ಕಾಯಿದೆಯ 170ನೇ ಕಲಮಿನಲ್ಲಿದೆ. ತಕರಾರು ಕಾಯ್ದಿರಿಸಿ ಹಣ ಕಟ್ಟುತ್ತಿದ್ದೇವೆ ಎಂದು ಬರೆದುಕೊಟ್ಟು ಗಾಡಿ ತನ್ನಿರಿ.

ಅನಂತರ 1915ಕ್ಕೆ ಫೋನು ಮಾಡಿರಿ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. 2020ರ ಜುಲೈಯಲ್ಲಿ ಜಾರಿಗೆ ಬಂದ ಹೊಸ ಕಾಯಿದೆಯಂತೆ ನಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಹುಬ್ಬಳ್ಳಿಯಲ್ಲಿ ಗಾಡಿ ಕೊಂಡ ಅಂಕಲಗಿಯವರು ಅಲ್ಲಿಗೆ ಅಲೆಯಬೇಕಿಲ್ಲ, ಬೆಳಗಾವಿ ಸಾಕು. ತೆತ್ತ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. 10 ಲಕ್ಷದವರೆಗೆ 200 ರೂಪಾಯಿ. ವಕೀಲರು ಕಡ್ಡಾಯವಲ್ಲ. ಎರಡು ವರ್ಷಗಳ ಅವಧಿ ಮೀರಬಾರದು. ಪಿಕಪ್ ಗಾಡಿ ವ್ಯಾಪಾರದ್ದು, ನೀವು ಗ್ರಾಹಕರಲ್ಲ ಎಂದು ಎದುರು ಪಕ್ಷದವರು ವಾದಿಸಬಹುದು. ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕಾಗಿಯೇ ಬಳಸುವವನು ಗ್ರಾಹಕನೇ ಎಂದು ಕಾಯಿದೆಯೂ 1995ರ ಸುಪ್ರೀಂ ಕೋರ್ಟು ತೀರ್ಪೂ ಹೇಳುತ್ತವೆ.

ಅಡಿಕೆಯ ತೂಕದಲ್ಲಿ ಒಂದು ಕಿಲೋ ವ್ಯತ್ಯಾಸವಾದರೂ ಚೀಟಿ ಕೇಳುವ ನಾವು, ಸಾವಿರಾರು ರೂಪಾಯಿಗಳ ರಿಪೇರಿಗೆ ಬಾಯಿಮಾತನ್ನೇಕೆ ನಂಬಬೇಕು? ಇಂತಹ ತೊಂದರೆಯಲ್ಲಿರುವ ಸದಸ್ಯರು ಕಾಗದಪತ್ರಗಳೊಂದಿಗೆ ಸಂಘದ ಕಚೇರಿಗೆ ಬಂದರೆ, ದೂರು ಬರೆದುಕೊಡಲು ನಾವು ಸಿದ್ಧರಿದ್ದೇವೆ.