ಕಾಡು ಸುತ್ತಿ ಬಂದ ಬ್ಯಾಗಿಗೂ ಬೇಕು ಆರೈಕೆ

ರಜೆ ಬಂತೆಂದರೆ ಸಾಕು, ಯಜಮಾನರು ಗೆಳೆಯರ ಜೊತೆ ದಾಂಡೇಲಿಗೆ, ಮಗ ಕಾಲೇಜಿನ ಕ್ಯಾಂಪಿಗೆಂದು ಜೋಯಿಡಾ ಕಡೆಗೆ. ಗಣೇಶಗುಡಿಯಲ್ಲಿ ಕಾಳಿ ನದಿಯ ರ‍್ಯಾಫ್ಟಿಂಗ್, ಕವಳಾ ಗುಹೆ, ಸಿಂಥೇರಿ ಬಂಡೆ, ಮುಂಡಗೋಡದ ಅತ್ತಿವೇರಿ ಪಕ್ಷಿಧಾಮ, ಎಲ್ಲ ನೋಡಿ ಬರುವವರು ಅವರು. ಸೋಮವಾರ ಬೆಳಿಗ್ಗೆ ಕೆಸರು ಮೆತ್ತಿದ, ಮುಗ್ಗಲು ನಾತದ ಬ್ಯಾಗು ಬಂದು ಬೀಳುವುದು ಮಾತ್ರ ನಮ್ಮ ಬಚ್ಚಲಿಗೆ! ‘ಅಮ್ಮಾ, ಸ್ವಲ್ಪ ತೊಳೆದುಬಿಡು’ ಅಂದರೆ ಮುಗಿಯಿತು ಅವರ ಕೆಲಸ. ಸಾವಿರಾರು ರೂಪಾಯಿ ಕೊಟ್ಟು ತಂದ ಬ್ಯಾಗು ಒಂದೇ ಒಗೆತಕ್ಕೆ ಹಾಳಾಗಬಾರದಲ್ವಾ? ಹಾಗಿದ್ದರೆ ಈ ಕೆಲವು ವಿಷಯ ಗಮನದಲ್ಲಿರಲಿ.

ಮೊದಲು ಹೊರಗೇ ಕೊಡವಿ

ಕಲೆಗಿಂತ ಮುಖ್ಯವಾದದ್ದು ಉಣ್ಣಿ. ಉತ್ತರ ಕನ್ನಡ ಜಿಲ್ಲೆಯ ಕಾಡುಗಳಲ್ಲಿ ಮಂಗನ ಕಾಯಿಲೆ ಹರಡುವುದು ಈ ಸಣ್ಣ ಜೀವಿಯ ಕಡಿತದಿಂದಲೇ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಕಾಯಿಲೆ ಇದು. ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಇದರ ಕಾಟ ಹೆಚ್ಚು. ಮಕ್ಕಳ ಪ್ರವಾಸದ ಕಾಲವೂ ಅದೇ!

ಹಾಗಾಗಿ ಬ್ಯಾಗನ್ನು ನೇರವಾಗಿ ಬೆಡ್‌ರೂಮಿಗೆ ಒಯ್ಯಲು ಬಿಡಬೇಡಿ. ಬಾಲ್ಕನಿಯಲ್ಲೋ ಅಂಗಳದಲ್ಲೋ ಎಲ್ಲ ಜಿಪ್ ತೆರೆದು, ಹಳೆಯ ಬಿಳಿ ಬಟ್ಟೆಯ ಮೇಲೆ ಕೊಡವಿ. ಹೊಲಿಗೆಯ ಸಂದು, ಬೆನ್ನಿನ ಪ್ಯಾಡು, ಪಟ್ಟಿಯ ಅಡಿ, ಎಲ್ಲವನ್ನೂ ಕಣ್ಣಿಟ್ಟು ನೋಡಿ. ಎಳೆಯ ಉಣ್ಣಿ ಎಳ್ಳಿಗಿಂತ ಚಿಕ್ಕದಿರುತ್ತದೆ. ಸಿಕ್ಕರೆ ಬರಿಗೈಯಲ್ಲಿ ಹೊಸಕಬೇಡಿ. ಅಂಟು ಟೇಪಿಗೆ ಅಂಟಿಸಿ, ಮಡಚಿ ಎಸೆಯಿರಿ. ಕಾಡಿನಿಂದ ಬಂದವರಿಗೆ ಒಂದು ವಾರದೊಳಗೆ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮನೆಮದ್ದು ಮಾಡುತ್ತ ಕೂರಬೇಡಿ. ವೈದ್ಯರ ಹತ್ತಿರ ಹೋಗಿ, ‘ಕಾಡಿಗೆ ಹೋಗಿದ್ದರು’ ಎಂಬ ಮಾತನ್ನು ಮರೆಯದೆ ಹೇಳಿ.

ಮೆಷಿನ್ನಿಗೆ ಬೇಡವೇ ಬೇಡ

ಇಂಥ ಬ್ಯಾಗುಗಳು ಸಾಮಾನ್ಯವಾಗಿ ನೈಲಾನ್ ಇಲ್ಲವೇ ಪಾಲಿಯೆಸ್ಟರ್‌ನವು. ನೀರು ಒಳಗಿಳಿಯದಂತೆ ಒಳಬದಿಗೆ ತೆಳುವಾದ ಲೇಪ ಕೊಟ್ಟಿರುತ್ತಾರೆ. ಮೆಷಿನ್ನಿನ ತಿರುಗಾಟ, ಬಿಸಿನೀರು, ಬ್ಲೀಚು ಮೂರೂ ಆ ಲೇಪಕ್ಕೆ ಶತ್ರುಗಳು. ಬಟ್ಟೆ ಮೃದು ಮಾಡುವ ಕಂಡೀಷನರ್ ಕೂಡ ಬೇಡ, ನೀರು ತಡೆಯುವ ಗುಣವನ್ನು ಅದು ಕೆಡಿಸುತ್ತದೆ. ಅರ್ಧ ಬಕೆಟ್ ತಣ್ಣೀರಿಗೆ ಒಂದು ಚಮಚ ದ್ರವ ಸೋಪು ಹಾಕಿ, ಮೆತ್ತಗಿನ ಬ್ರಷ್‌ನಿಂದ ಉಜ್ಜಿದರೆ ಸಾಕು.

ಯಾವ ಕಲೆಗೆ ಏನು ಮದ್ದು?

* ಕೆಂಪು ಮಣ್ಣು: ಒದ್ದೆ ಕೆಸರನ್ನು ಉಜ್ಜಿದಿರೋ, ಅದು ಎಳೆಯೊಳಗೆ ಇನ್ನೂ ಇಳಿಯುತ್ತದೆ. ಪೂರ್ತಿ ಒಣಗಲು ಬಿಟ್ಟು, ಒಣ ಬ್ರಷ್‌ನಿಂದ ಕೊಡವಿ, ಆಮೇಲೆ ಸೋಪಿನ ನೀರು ಹಾಕಿ. ಜೋಯಿಡಾ ಮಣ್ಣಿನ ಕೆಂಪು ಕಬ್ಬಿಣದ ಅಂಶದ್ದು, ಬ್ಲೀಚಿಗೆ ಅದು ಜಗ್ಗುವುದಿಲ್ಲ. ಉಳಿದ ಕಲೆಗೆ ನಿಂಬೆರಸ, ಉಪ್ಪು ಹಚ್ಚಿ ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಬಕಲ್‌ನ ತುಕ್ಕಿನ ಕಲೆಗೂ ಇದೇ ಮದ್ದು.

* ಉಂಬಳದ ರಕ್ತ: ಮಳೆಗಾಲದ ಕಾಡಿನ ಉಡುಗೊರೆ! ಉಂಬಳ ಕಚ್ಚುವಾಗ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಂಶ ಬಿಡುತ್ತದೆ. ಅದಕ್ಕೇ ಅದು ಉದುರಿದ ಮೇಲೂ ರಕ್ತ ಜಿನುಗುತ್ತಿರುತ್ತದೆ. ಕಲೆಗೆ ಉಪ್ಪು ಹಾಕಿದ ತಣ್ಣೀರು ಬಳಸಿ. ಬಿಸಿನೀರು ಸೋಕಿದರೆ ಮೊಟ್ಟೆ ಬೆಂದ ಹಾಗೆ ರಕ್ತ ಗಟ್ಟಿಯಾಗಿ, ಕಲೆ ಕಾಯಂ ಆಗಿಬಿಡುತ್ತದೆ.

* ಹಲಸಿನ ಮೇಣ, ಮರದ ಅಂಟು: ಐಸ್ ತುಂಡು ಇಟ್ಟು ಗಟ್ಟಿಯಾದ ಮೇಲೆ ಮೊಂಡು ಚಮಚದಿಂದ ಕೆರೆಯಿರಿ. ಉಳಿದದ್ದಕ್ಕೆ ಕೊಬ್ಬರಿ ಎಣ್ಣೆ ಸವರಿ, ಸಡಿಲವಾದ ಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್‌ನಿಂದ ಎಣ್ಣೆ ತೆಗೆಯಿರಿ.

* ನೇರಳೆ, ಮುರುಗಲು: ಸೋಪು ಹಾಕುವ ಮೊದಲು ತಣ್ಣೀರು ಸುರಿದು, ವಿನೆಗರ್ ಅಥವಾ ನಿಂಬೆರಸ ಹಚ್ಚಿ. ನೇರವಾಗಿ ಸೋಪು ತಾಗಿದರೆ ಕಲೆ ನೀಲಿಗೆ ತಿರುಗುವುದುಂಟು.

* ಬುತ್ತಿಯ ಪಲ್ಯದ ಅರಿಸಿನ: ಸೋಪು ತಾಗಿದೊಡನೆ ಕೆಂಪಾದರೆ ಗಾಬರಿ ಬೇಡ, ಅರಿಸಿನದ ಗುಣವೇ ಅದು. ಚೆನ್ನಾಗಿ ತೊಳೆದು ಕಲೆಯ ಭಾಗವನ್ನಷ್ಟೇ ಒಂದೆರಡು ಗಂಟೆ ಬಿಸಿಲಿಗೆ ಹಿಡಿಯಿರಿ, ತಾನಾಗಿ ಮಾಸುತ್ತದೆ.

* ಬೂಷ್ಟು: ಹೊರಗಡೆಯೇ ಒಣ ಬ್ರಷ್‌ನಿಂದ ತೆಗೆದು, ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಒರೆಸಿ. ವಿನೆಗರ್, ಬ್ಲೀಚು ಎರಡನ್ನೂ ಎಂದಿಗೂ ಬೆರೆಸಬೇಡಿ, ವಿಷಾನಿಲ ಬರುತ್ತದೆ.

ಯಾವುದನ್ನೇ ಹಚ್ಚುವ ಮೊದಲು ಕಾಣದ ಮೂಲೆಯಲ್ಲಿ ಒಂದು ಹನಿ ಹಾಕಿ ನೋಡಿ. ಬಣ್ಣ ಬಿಟ್ಟರೆ ಅಲ್ಲಿಗೇ ನಿಲ್ಲಿಸಿ.

ಅಜ್ಜನ ಶಿಕಾರಿ ಚೀಲ

ಹಳಿಯಾಳ, ಮುಂಡಗೋಡ ಕಡೆಯ ಹಳೆಯ ಮನೆಗಳ ಅಟ್ಟದಲ್ಲಿ ಖಾಕಿ ಕ್ಯಾನ್ವಾಸ್ ಚೀಲ ಇದ್ದರೂ ಇದ್ದೀತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶಿಕಾರಿಯ ಕಾಲ ಮುಗಿಯಿತು. ದಾಂಡೇಲಿ, ಅಣಶಿ ಕಾಡುಗಳು 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದವು. 2015ರಿಂದ ಅದರ ಹೆಸರು ಕಾಳಿ. ಚೀಲಕ್ಕೇನು ದೋಷ? ಕ್ಯಾನ್ವಾಸ್ ಹತ್ತಿಯದು, ಬಿಸಿನೀರಿಗೆ ಕುಗ್ಗುತ್ತದೆ. ತಣ್ಣೀರಲ್ಲಿ ಉಪ್ಪು ಹಾಕಿ ರಾತ್ರಿ ನೆನೆಸಿ, ಬಾರ್ ಸೋಪಿನಿಂದ ಮೆಲ್ಲಗೆ ಉಜ್ಜಿ. ದಶಕಗಳ ಕಲೆ ಪೂರ್ತಿ ಹೋಗದಿದ್ದರೂ ಚೀಲ ಮಾರ್ಕೆಟ್ಟಿಗೆ ಹೋಗಲು ಗಟ್ಟಿಮುಟ್ಟಾಗಿರುತ್ತದೆ.

ಒಣಗಿಸುವುದೂ ಒಂದು ಕಲೆ

ತೊಳೆದ ಬ್ಯಾಗನ್ನು ಹಿಂಡಬೇಡಿ. ಎಲ್ಲ ಜಿಪ್ ತೆರೆದು, ತಲೆಕೆಳಗಾಗಿ, ಗಾಳಿಯಾಡುವ ನೆರಳಿನಲ್ಲಿ ತೂಗುಹಾಕಿ. ದಿನಗಟ್ಟಲೆ ಬಿಸಿಲಿಗೆ ಬಿಟ್ಟರೆ ನೈಲಾನ್ ಬಡವಾಗುತ್ತದೆ. ಒಳಗೆ ಹಳೆಯ ನ್ಯೂಸ್‌ಪೇಪರ್ ತುರುಕಿದರೆ ತೇವ ಬೇಗ ಹೀರುತ್ತದೆ. ಜಿಪ್ ಬಿಗಿಯಾಗಿದ್ದರೆ ಮೇಣದಬತ್ತಿ ಉಜ್ಜಿ. ಒಳಲೇಪವೇ ಅಂಟಂಟಾಗಿ ಪುಡಿ ಉದುರುತ್ತಿದ್ದರೆ ಅದಕ್ಕೆ ಯಾವ ತೊಳೆತವೂ ಮದ್ದಲ್ಲ, ಬ್ಯಾಗಿನ ಆಯಸ್ಸು ಮುಗಿಯಿತು ಅಂತಲೇ ಅರ್ಥ.

ಇನ್ನೊಂದು ಮಾತು. ಕೊಡವುವುದು, ಉಣ್ಣಿ ಹುಡುಕುವುದು, ಒಣಗಿಸುವುದು ಕಾಡಿಗೆ ಹೋಗಿ ಬಂದವರ ಪಾಲಿಗೇ ಇರಲಿ. ಬ್ಯಾಗು ಹೊರಲು ಬರುವ ಕೈಗೆ ಬ್ರಷ್ ಹಿಡಿಯಲೂ ಬರುತ್ತದೆ, ಅಲ್ವಾ?